ಅಟ್ಟಕ್ಕೆ ಹಾಕಿದ ರಾಜಕುಮಾರರು

ತಿಪಟೂರು
೨೪ ಏಪ್ರಿಲ್ ೨೦೨೫

ಸೌಂದರ್ಯಳಿಗೆ,

ಇಲ್ಲಿ ನಾನು ಕ್ಷೇಮವಾಗಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದೀಯೆಂದು ಊರಿಗೆಲ್ಲ ಗೊತ್ತಾಗಿದೆ, ಆದ್ದರಿಂದ ಅದನ್ನು ವಿಚಾರಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಸೋಮವಾರದಿಂದ ನೀನು ಫೋನು ಮಾಡುತ್ತಲೇ ಇದ್ದೀಯ, ನಾನು ಬೇಕೆಂದೇ ಎತ್ತುತ್ತಿಲ್ಲ. ನಿನ್ನ ದನಿ ಕೇಳಿದರೆ ನನ್ನ ಕೋಪ ಇಳಿದುಹೋಗುತ್ತದೆ. ಈ ಸಲ ಇಳಿಯುವುದು ನನಗೆ ಬೇಕಾಗಿಲ್ಲ. ಹೇಳುವುದೇನಾದರೂ ಇದ್ದರೆ ನೀನೂ ಕಾಗದದಲ್ಲೇ ಬರೆ.

ನೀನು ಮೈಸೂರಿನ ಸ್ಟುಡಿಯೋದಲ್ಲಿ ಕೂತು ಕಥೆ ಬರೆದ ಕಾರ್ಟೂನ್ ಸಿನಿಮಾ ನಮ್ಮೂರಿಗೂ ಬಂತೆಂದು ಭಾನುವಾರ ಇಡೀ ಬೀದಿಯನ್ನು ಥಿಯೇಟರಿಗೆ ಕರೆದುಕೊಂಡು ಹೋದವಳು ನಾನೇ. "ನಮ್ಮ ಹುಡುಗಿ ಬರ್ದಿರೋದು ಕಣ್ರೀ, ಒಬ್ರೂ ತಪ್ಪಿಸ್ಕೊಳ್ಳಂಗಿಲ್ಲ" ಎಂದು ಮನೆಮನೆಗೆ ಹೋಗಿ ಹೇಳಿದೆ. ತೋಟದ ಮನೆಯಲ್ಲಿ ಕಾಯಿ ಸುಲಿಯುವ ಸಿದ್ದಮ್ಮ ಮೊಮ್ಮಗನ ನಾಮಕರಣಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು.

ಮೊದಲ ಅರ್ಧ ಗಂಟೆ ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ. 'ಏಳು ಸಮುದ್ರದಾಚೆ ಏನೂ ಇಲ್ಲ' ಎಂಬ ಹೆಸರೇ ಚೆನ್ನಾಗಿದೆ. ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸ, ಗಿಳಿಗೆ ನೆಗಡಿಯಾದರೆ ತಾನು ಸೀನುವುದು. ಕಪ್ಪೆಯಾಗಿದ್ದ ರಾಜಕುಮಾರ ಮನುಷ್ಯನಾದ ಮೇಲೂ ಊಟದ ಎಲೆಯ ಮುಂದೆ ನೊಣ ಕಂಡರೆ ನಾಲಿಗೆ ಚಾಚುವುದು. ಅಜ್ಜಿ ಕಥೆಗಳನ್ನು ಹೀಗೂ ಗೇಲಿ ಮಾಡಬಹುದಲ್ಲ ಎಂದು ಹೆಮ್ಮೆಪಟ್ಟೆ.

ಆಮೇಲೆ ಮಲತಾಯಿ ರಾಣಿ ಬಂದಳು. ದಾರ ಕಟ್ಟಿದ ಕನ್ನಡಕ. ಸೊಂಟಕ್ಕೆ ಸಿಕ್ಕಿಸಿದ ಕರ್ಚೀಫು. ಎಡಗಾಲು ಎಳೆದುಕೊಂಡು ನಡಿಗೆ. ರಾಜಕುಮಾರಿಯನ್ನು ಕೇಳಲು ಬಂದ ರಾಜಕುಮಾರನನ್ನು ಕೊರಳಪಟ್ಟಿ ಹಿಡಿದು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಇನ್ನೂ ಹಸಿ, ಅಟ್ಟಕ್ಕೆ ಹಾಕ್ರೋ!" ಅಂದಳು. ಆಳುಗಳು ಅವನನ್ನು ಅಟ್ಟಕ್ಕೆ ಎಸೆದರು. ಒಬ್ಬನಾದ ಮೇಲೆ ಒಬ್ಬನನ್ನು ಎಸೆದರು.

ವರ್ಷವಿಡೀ ಅಟ್ಟದ ಮೇಲಿಟ್ಟ ಕಾಯಿಯನ್ನು ಸುಲಿಯುವ ಮುಂಚೆ ಕಿವಿಗೆ ಹಿಡಿದು ಅಲ್ಲಾಡಿಸುವುದು, ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಡಲೊಡ ಅಂದರೆ ಇಳಿಸುವುದು, ಅನ್ನದಿದ್ದರೆ "ಇನ್ನೂ ಹಸಿ" ಎಂದು ವಾಪಸ್ಸು ಹಾಕಿಸುವುದು, ಇದು ನಾನು ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವ ಕೆಲಸ. ಆ ಮಾತು, ಆ ಕೈ, ಆ ಕಾಲು ನನ್ನವು. ಥಿಯೇಟರಿನಲ್ಲಿ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಹಿಂದಿನ ಸಾಲಿನಿಂದ ಎದುರುಮನೆ ಪರಮಶಿವಯ್ಯ ಕೂಗಿದ: "ಅಕ್ಕಾರೇ, ಇದು ನೀವೇ ಕಣ್ರೀ! ಅಮ್ಮಸಂದ್ರದ ಹುಡುಗನ್ನೂ ಹಿಂಗೇ ಅಲ್ವಾ ಅಟ್ಟಕ್ಕೆ ಹಾಕಿದ್ದು?"

ನಗು ನಿಲ್ಲಲೇ ಇಲ್ಲ. ನಿಮ್ಮಪ್ಪ ಪಾಪ್‌ಕಾರ್ನ್ ಪೊಟ್ಟಣದೊಳಗೆ ಮುಖವಿಟ್ಟುಕೊಂಡು ಕೂತಿದ್ದರು. ಇಂಟರ್ವಲ್‌ಗೆ ಎದ್ದು ಮನೆಗೆ ಬಂದೆ. ನಿನ್ನ ಹೆಸರಿಗೆ ಚಪ್ಪಾಳೆ ಹೊಡೆದ ಕೈ ಇನ್ನೂ ಉರಿಯುತ್ತಿದೆ.

ಇತಿ,
ನಿನ್ನ ಮಲತಾಯಿ
(ಊರೆಲ್ಲ ಅನ್ನುವುದು ಅದನ್ನೇ, ನಾನ್ಯಾಕೆ ಬೇರೆ ಬರೆಯಲಿ)
ಗಿರಿಜಾಂಬಿಕಾ


ಮೈಸೂರು
೩ ಮೇ ೨೦೨೫

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಬಂತು. ಆ ಶಬ್ದವನ್ನು ನೀವು ನಿಮ್ಮ ಸಹಿಯ ಜಾಗದಲ್ಲಿ ಬರೆದಿರುವುದು ನೋಡಿ ನನಗೂ ಸಿಟ್ಟು ಬಂತು. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಹತ್ತಿರ ಕೂರಿಸಿಕೊಂಡು ತಲೆ ಬಾಚಿದವರು ನೀವು. ಒಂದು ದಿನವಾದರೂ ನಾನು ಆ ಮಾತು ಆಡಿದ್ದೇನಾ?

ಇದು ತಮಾಷೆಯ ಸಿನಿಮಾ, ಚಿಕ್ಕಮ್ಮ. ಮಲತಾಯಿ ಎಂದರೆ ಕೆಟ್ಟವಳೇ ಆಗಿರಬೇಕು ಎನ್ನುವ ಹಳೇ ಕಥೆಯನ್ನೇ ನಾವು ಗೇಲಿ ಮಾಡಿರುವುದು. ರಾಣಿಯನ್ನು ಬರೆಯುವಾಗ ಬೇರೆ ಯಾರ ಮುಖವೂ ನನ್ನ ಕಣ್ಣ ಮುಂದೆ ಬರಲಿಲ್ಲ. ನನಗೆ ಗೊತ್ತಿರುವ ಹೆಂಗಸರಲ್ಲಿ ಯಾವ ರಾಜಕುಮಾರನಿಗೂ ಹೆದರದವರು ನೀವೊಬ್ಬರೇ. ಸ್ಟುಡಿಯೋದಲ್ಲಿ ಎಲ್ಲರಿಗೂ ಆ ರಾಣಿ ಎಂದರೆ ಪ್ರಾಣ. ಮಕ್ಕಳು ಆಕೆಯ ಚಿತ್ರವಿರುವ ಟೀ ಶರ್ಟು ಹಾಕಿಕೊಂಡು ಓಡಾಡುತ್ತಿದ್ದಾರೆ.

ಪರಮಶಿವಯ್ಯ ಮಾಮನ ಬಾಯಿಗೆ ಬೀಗವಿಲ್ಲದಿದ್ದರೆ ಅದಕ್ಕೆ ನಾನು ಹೊಣೆಯೇ? ಇಂಟರ್ವಲ್‌ಗೇ ಎದ್ದು ಬಂದು ತೀರ್ಪು ಕೊಟ್ಟಿದ್ದೀರಿ. ಕೊನೆಯವರೆಗೂ ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ನಿಮ್ಮ
ಸೌಂದರ್ಯ


ತಿಪಟೂರು
೧೫ ಮೇ ೨೦೨೫

ಸೌಂದರ್ಯ,

ಕೊನೆಯವರೆಗೂ ನೋಡಿದೆ. ಹೀಗೇ ಬರೆಯುತ್ತಿದ್ದೇನೆ.

ಮಂಗಳವಾರ ಬೆಳಗಿನ ಆಟಕ್ಕೆ ತಲೆಗೆ ಸೆರಗು ಹೊದ್ದು ಒಬ್ಬಳೇ ಹೋದೆ. ಕೊನೆಯಲ್ಲಿ ರಾಜಕುಮಾರರೆಲ್ಲ ಸೇರಿ ರಾಣಿಯನ್ನೇ ಅಟ್ಟಕ್ಕೆ ಎಸೆದು ಏಣಿ ತೆಗೆದರು. ಆಕೆಯ ತಲೆಯ ಮೇಲೆ ಕಾಯಿಗಳು ಒಂದೊಂದಾಗಿ ಉದುರಿದವು. ಮಕ್ಕಳು ಸೀಟಿನ ಮೇಲೆ ನಿಂತು ಶಿಳ್ಳೆ ಹೊಡೆದವು. ಇದರಲ್ಲಿ ಯಾವ ಹಳೇ ಕಥೆಯ ಗೇಲಿ ಇದೆ, ಸ್ವಲ್ಪ ತೋರಿಸಿಕೊಡು. ಹಳೇ ಕಥೆಯಲ್ಲೂ ಮಲತಾಯಿಗೆ ಹೀಗೇ ಆಗುತ್ತದೆ. ಕಾಯಿ ಉದುರುವುದೊಂದೇ ಹೊಸದು.

ನನ್ನ ಕಾಲನ್ನು ಆಡಿಕೊಂಡೆ, ಹೋಗಲಿ. ಕನ್ನಡಕ ಆಡಿಕೊಂಡೆ, ಅದೂ ಹೋಗಲಿ. ಜನ ನಕ್ಕರೆ ಸಹಿಸಿಕೊಳ್ಳಲಾರದಷ್ಟು ಸಣ್ಣವಳಲ್ಲ ನಾನು. ಆದರೆ ಅಮ್ಮಸಂದ್ರದ ಹುಡುಗನ ವಿಷಯ ಎತ್ತಿಕೊಳ್ಳಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಮರೆತಿದ್ದರೆ ನೆನಪಿಸುತ್ತೇನೆ. ಎಂಟು ವರ್ಷದ ಹಿಂದೆ, ತೋಟದ ಮನೆಯ ಅಟ್ಟದ ಕೆಳಗೆ ನಾನು ಕಾಯಿ ನೋಡುತ್ತಾ ಕೂತಿದ್ದೆ. ಅಮ್ಮಸಂದ್ರದವರು ಒಪ್ಪಿ ಹೋಗಿ ಎರಡು ದಿನವಾಗಿತ್ತು. ನೀನು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೈಯಲ್ಲಿದ್ದ ಕಾಯಿಯನ್ನು ಕಿವಿಯಿಂದ ಇಳಿಸಿ ನಿನ್ನ ಮಾತು ಕೇಳಿದೆ. "ನಂಗೆ ಈ ಮದ್ವೆ ಬ್ಯಾಡ ಚಿಕ್ಕಮ್ಮ. ಮೈಸೂರಲ್ಲಿ ಚಿತ್ರದ ಕಾಲೇಜಿಗೆ ಸೇರ್ತೀನಿ. ನಾನು ಬ್ಯಾಡ ಅಂದೆ ಅಂತ ಅಪ್ಪಂಗೆ ಗೊತ್ತಾದ್ರೆ ಓದೂ ಇಲ್ಲ, ಏನೂ ಇಲ್ಲ" ಎಂದು ಅತ್ತೆ. ಅಮ್ಮಸಂದ್ರದವರು ನಿಮ್ಮಪ್ಪನ ವ್ಯಾಪಾರದ ನೆಂಟರು. ನಿಮ್ಮಪ್ಪ ಅವರಿಗೆ ಆಗಲೇ ಮಾತು ಕೊಟ್ಟಿದ್ದರು.

ಮಾರನೆಯ ದಿನ ಎಲ್ಲರೆದುರು ನಾನೇ ಎದ್ದು ನಿಂತು ಹೇಳಿದೆ: "ಹುಡುಗ ನಂಗೆ ಹಿಡಿಸ್ಲಿಲ್ಲ. ಈ ಮದ್ವೆ ನಡೆಯಲ್ಲ." ಯಾರೂ ಕಾರಣ ಕೇಳಲಿಲ್ಲ. ಮಲತಾಯಿ ಬೇಡವೆಂದರೆ ಯಾರೂ ಕಾರಣ ಕೇಳುವುದಿಲ್ಲ. ತೋಟ ಹಂಚಿಹೋಗಬಾರದೆಂದು ನಾನು ನಿನ್ನ ಬಾಳು ಕೆಡಿಸಿದೆ ಎಂದು ಊರು ಆಡಿತು. ನಿನ್ನ ಸೋದರತ್ತೆ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಳು. ನೀನು ಮೈಸೂರಿನ ಬಸ್ಸು ಹತ್ತಿದೆ. ನಾನು ಬಾಯಿ ಬಿಡಲಿಲ್ಲ.

ನಿನಗಾಗಿ ನಾನು ಹೊತ್ತ ಮಾತನ್ನು ನೀನು ಟಿಕೆಟ್ ಇಟ್ಟು ಮಾರಿದೆ. ಅದನ್ನು ತಮಾಷೆ ಅನ್ನಬೇಡ.

ಗಿರಿಜಾಂಬಿಕಾ


ಮೈಸೂರು
೧ ಜೂನ್ ೨೦೨೫

ಚಿಕ್ಕಮ್ಮ,

ಈ ಕಾಗದವನ್ನು ಬರೆದು ಹರಿದು ಮತ್ತೆ ಬರೆಯುತ್ತಿದ್ದೇನೆ.

ನಾನು ಮರೆತಿರಲಿಲ್ಲ. ಅದನ್ನು ಬರೆದೂ ಇದ್ದೆ. ಸಿನಿಮಾದ ನಡುವೆ ಒಂದು ದೃಶ್ಯವಿತ್ತು. ರಾಜಕುಮಾರಿ ಅರಮನೆಯ ಕೊಟ್ಟಿಗೆಗೆ ಬಂದು ರಾಣಿಯ ಕಾಲು ಹಿಡಿಯುತ್ತಾಳೆ. "ಇವರಲ್ಲಿ ಯಾರೂ ಬೇಡ, ಅಪ್ಪನಿಗೆ ಹೇಳಬೇಡಿ" ಅನ್ನುತ್ತಾಳೆ. ರಾಣಿ ಕನ್ನಡಕ ಒರೆಸಿಕೊಂಡು, "ನಡಿ, ನಾಳೆಯಿಂದ ನಾನು ಕೆಟ್ಟವಳು" ಅನ್ನುತ್ತಾಳೆ. ಆಮೇಲೆ ಆಕೆ ಅಟ್ಟಕ್ಕೆ ಎಸೆಯುವ ಒಬ್ಬೊಬ್ಬ ರಾಜಕುಮಾರನನ್ನು ನೋಡಿದಾಗಲೂ ನಗು ಬರುತ್ತದೆ, ಆದರೆ ಬೇರೆ ಥರ. ಕೊನೆಗೆ ರಾಜನಿಗೆ ಎಲ್ಲ ಗೊತ್ತಾಗಿ ರಾಣಿಯ ಮುಂದೆ ತಲೆ ತಗ್ಗಿಸುತ್ತಾನೆ. ನಾನು ಬರೆದ ಕಥೆ ಇದು. ಇದಕ್ಕಾಗಿಯೇ ಆ ರಾಣಿಗೆ ನಿಮ್ಮ ಕನ್ನಡಕ ಹಾಕಿದ್ದು.

ನಿರ್ದೇಶಕರು ಆ ದೃಶ್ಯ ತೆಗೆದರು. "ಮಕ್ಕಳಿಗೆ ಬೋರಾಗುತ್ತೆ, ಮಲತಾಯಿ ಕೆಟ್ಟವಳಾಗಿದ್ದರೇ ಫ್ಯಾಮಿಲಿಗಳು ನಗೋದು" ಅಂದರು. ಕೊನೆಯನ್ನೂ ಬದಲಾಯಿಸಿದರು. ನಾನು ಜಗಳವಾಡಿದೆ. ಆಮೇಲೆ ಸುಮ್ಮನಾದೆ. ಹೆಸರು ಪರದೆಯ ಮೇಲೆ ಬರುವುದು ನನಗೆ ಬೇಕಾಗಿತ್ತು. ಕೊನೆ ಹೇಗಿದೆಯೆಂದು ಗೊತ್ತಿದ್ದೂ, ನೀವು ಮತ್ತೆ ಹೋಗಿ ನೋಡುವುದಿಲ್ಲವೆಂಬ ಧೈರ್ಯದಲ್ಲಿ ಹೋದ ಕಾಗದದಲ್ಲಿ ಹಾಗೆ ಬರೆದೆ.

ಈಗ ಎರಡನೇ ಭಾಗ ಬರೆಯಲು ಹೇಳಿದ್ದಾರೆ. ಮತ್ತೆ ಅದೇ ರಾಣಿ ಬೇಕಂತೆ. ನೀವು ಬೇಡವೆಂದರೆ ಬರೆಯುವುದಿಲ್ಲ, ಕೆಲಸ ಹೋದರೂ ಸರಿ.

ಸೌಂದರ್ಯ


ತಿಪಟೂರು
೧೨ ಜೂನ್ ೨೦೨೫

ಸೌಂದರ್ಯ,

ನಿನ್ನ ಕಾಗದ ಓದಿ ಕೋಪ ಇಳಿಯಬೇಕಿತ್ತು. ಇನ್ನೂ ಏರಿತು.

ಪರದೆಯ ಮೇಲಿನ ರಾಜನಿಗೆ ನಿಜ ಹೇಳುವ ಧೈರ್ಯ ನಿನಗಿತ್ತು. ಅವನು ತಲೆ ತಗ್ಗಿಸುವುದನ್ನೂ ಬರೆದೆ. ನಿಮ್ಮಪ್ಪ ಇಲ್ಲಿ ದಿನಾ ಒಂಬತ್ತಕ್ಕೆ ಕೊಬ್ಬರಿ ಅಂಗಡಿ ತೆರೆದು ಕೂರುತ್ತಾರಲ್ಲ, ಅವರ ಮುಂದೆ ಎಂಟು ವರ್ಷದಿಂದ ಬಾಯಿ ಬರಲಿಲ್ಲ. ಹಬ್ಬಕ್ಕೆ ಬಂದೆ, ಹೋಳಿಗೆ ತಿಂದೆ, ಹೋದೆ. ನಿನ್ನ ಸೋದರತ್ತೆ ನನ್ನ ಮುಂದೆಯೇ ನಿನ್ನ ತಲೆ ಸವರಿ "ಪಾಪ ಕಣೇ ನೀನು" ಅಂದಾಗಲೂ ಹೋಳಿಗೆ ತಿನ್ನುತ್ತಿದ್ದೆ.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ ಹೇಳುತ್ತೇನೆ. ನಿನ್ನ ತಂಗಿ ವರ್ಷಿಣಿಗೆ ಹಂದನಕೆರೆಯ ಸಂಬಂಧ ಮಾತಾಗಿತ್ತು. ಹುಡುಗನೂ ಅವಳೂ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ. ಹೋದ ವಾರ ಹುಡುಗನ ತಾಯಿ ಬಂದಿದ್ದರು. ಕಾಫಿ ಕುಡಿಯುತ್ತಾ ಕೇಳಿದರು: "ನಿಮ್ಮದೊಂದು ಸಿನಿಮಾ ಬಂದೈತಂತಲ್ಲಮ್ಮ, ನಮ್ಮ ಮೊಮ್ಮಕ್ಳು ನೋಡ್ಕೊಂಡ್ ಬಂದ್ವು. ನಮ್ಮ ಹುಡುಗನ್ನೂ ಅಲ್ಲಾಡ್ಸಿ ನೋಡ್ತೀರೇನು?" ನಾನು ನಕ್ಕೆ. ನಗದೆ ಏನು ಮಾಡಲಿ? ಅವರು ನಗಲಿಲ್ಲ. ಲಗ್ನದ ಮಾತು ಎತ್ತದೆ ಎದ್ದು ಹೋದರು. ಹೊಸಲು ದಾಟುವಾಗ "ದೊಡ್ಡ ಮಗಳಿಗೆ ಹಂಗೆ ಮಾಡ್ದೋರು" ಎಂದು ಜೊತೆಗಿದ್ದವರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

ವರ್ಷಿಣಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ನಿನ್ನ ಮಾತು ಉಳಿಸಲು ನಾನು ಕೆಟ್ಟವಳಾದೆ, ಅದರ ಫಲ ಅವಳು ಉಣ್ಣುತ್ತಿದ್ದಾಳೆ. ನಿನ್ನೆ ನನ್ನ ಮುಂದೆ ನಿಂತು ಕೇಳಿದಳು: "ಅಕ್ಕಂಗೆ ಯಾಕಮ್ಮ ಹಂಗ್ ಮಾಡ್ದೆ?" ನನ್ನ ಸ್ವಂತ ಮಗಳು ಕೇಳಿದಳು, ಸೌಂದರ್ಯ. ಆಗಲೂ ನಿನಗೆ ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ. ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೂತೆ.

ನಿಮ್ಮಪ್ಪನಿಗೆ ಹೇಳು ಎಂದು ನಾನು ಕೇಳುವುದಿಲ್ಲ. ನಾನು ಕೇಳಿದ್ದಕ್ಕೆ ನೀನು ಹೇಳಿದರೆ ಅದನ್ನೂ ನನ್ನ ತಲೆಗೇ ಕಟ್ಟಿದಂತಾಗುತ್ತದೆ. ಎರಡನೇ ಭಾಗ ಬರೆಯುವುದು ಬಿಡುವುದು ನಿನ್ನಿಷ್ಟ. ನನ್ನ ಒಪ್ಪಿಗೆ ಬೇಡ. ಇನ್ನು ಕಾಗದವೂ ಬೇಡ.

ಗಿರಿಜಾಂಬಿಕಾ


ಮೈಸೂರು
೨೩ ಜೂನ್ ೨೦೨೫

ಶ್ರೀ ಬಸವಕುಮಾರ್ ಅವರಿಗೆ,
ಕೊಬ್ಬರಿ ವ್ಯಾಪಾರಿಗಳು, ತಿಪಟೂರು

ಅಪ್ಪ,

ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಇದು ನಿಮ್ಮ ಕೈಗೇ ಸೇರಲಿ ಎಂದು.

ಅಮ್ಮಸಂದ್ರದ ಸಂಬಂಧ ಬೇಡ ಎಂದದ್ದು ಚಿಕ್ಕಮ್ಮ ಅಲ್ಲ, ನಾನು. ತೋಟದ ಮನೆಯಲ್ಲಿ ಅತ್ತು ಬೇಡಿಕೊಂಡೆ. ನಿಮಗೆ ಹೇಳಬಾರದೆಂದು ಮಾತು ತೆಗೆದುಕೊಂಡೆ. ಅವರಿಗೆ ಆ ಹುಡುಗನ ಮೇಲೆ ಯಾವ ದೂರೂ ಇರಲಿಲ್ಲ. ನಾನು ಮೈಸೂರಿಗೆ ಬರಲೆಂದು ಅಷ್ಟು ಜನರ ಮುಂದೆ ಕೆಟ್ಟವರಾದರು. ಅದರ ಮೇಲೆ ನಾನು ಸಿನಿಮಾ ಮಾಡಿದೆ.

ನಿಮಗೆ ನನ್ನ ಮೇಲೆ ಸಿಟ್ಟು ಬಂದರೆ ಇಲ್ಲಿಗೇ ಬಂದು ಬಯ್ಯಿರಿ. ಹಂದನಕೆರೆಯವರಿಗೆ ಹೇಳಬೇಕಾದದ್ದನ್ನು ಹೇಳಿ. ನೀವು ಹೇಳದಿದ್ದರೆ ನಾನೇ ಅವರ ಮನೆ ಬಾಗಿಲಿಗೆ ಹೋಗುತ್ತೇನೆ. ಸೋದರತ್ತೆಗೂ ಬೇರೆ ಕಾಗದ ಬರೆದಿದ್ದೇನೆ.

ನಿಮ್ಮ ಮಗಳು,
ಸೌಂದರ್ಯ


ತಿಪಟೂರು
೨೨ ಜುಲೈ ೨೦೨೫

ಸೌಂದರ್ಯಳಿಗೆ,

ಕಾಗದ ಬೇಡ ಎಂದು ಬರೆದವಳು ನಾನೇ, ಈಗ ಬರೆಯುತ್ತಿರುವವಳೂ ನಾನೇ. ನಗಬೇಡ. ಈಗ ನನಗೆ ಬಂದಿರುವ ಕೋಪಕ್ಕೆ ನೀನೊಬ್ಬಳೇ ಸಾಲುವುದಿಲ್ಲ.

ಹಂದನಕೆರೆಯವರು ಹೋದ ಗುರುವಾರ ಮತ್ತೆ ಬಂದಿದ್ದರು. ಸಂಬಂಧ ಬೇಡವೆಂದು ಹೇಳಿಹೋಗಲು ಬಂದವರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹುಡುಗನ ತಾಯಿ, "ನಿಮ್ಮ ಮನೇಲಿ ಹುಡುಗನ್ನ ನೋಡೋದೇ ಬೇರೆ ಥರ ಕಣಮ್ಮ" ಎಂದು ಶುರುಮಾಡಿದರು. ವರ್ಷಿಣಿ ಬಾಗಿಲ ಹಿಂದೆ ನಿಂತಿದ್ದಳು. ಅಷ್ಟರಲ್ಲಿ ನಿಮ್ಮಪ್ಪ ಎದ್ದು ನಿಂತರು. ನಿಮ್ಮಪ್ಪ ನಾಲ್ಕು ಜನರ ಮುಂದೆ ಎದ್ದು ನಿಂತದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ.

"ಅವತ್ತು ಹುಡುಗ ಬ್ಯಾಡ ಅಂದಿದ್ದು ನಮ್ಮ ದೊಡ್ಡ ಮಗಳು ಕಣ್ರೀ. ಓದ್ಬೇಕು ಅಂತ ಇವಳ ಹತ್ರ ಅತ್ಲು. ಇವಳು ತನ್ನ ಹೆಸ್ರು ಕೆಡಿಸ್ಕೊಂಡು ಅವಳ್ನ ಓದಿಸಿದ್ಲು. ನಿಮ್ಮ ಮನೆಗೆ ಬರೋಳು ಇಂಥವಳ ಮಗಳು. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅನ್ನಿ" ಅಂದರು.

ಹುಡುಗನ ತಾಯಿ ಖಾಲಿ ಲೋಟವನ್ನು ನನ್ನ ಕಡೆ ಚಾಚಿದರು. "ಇನ್ನೊಂದ್ ಲೋಟ ಕಾಫಿ ಕೊಡ್ರಮ್ಮ" ಅಂದರು. ಕಾರ್ತಿಕದಲ್ಲಿ ಲಗ್ನ. ವರ್ಷಿಣಿ ಒಳಗೆ ಬಂದವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಕಾಫಿ ಉಕ್ಕುವವರೆಗೂ ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಂತೋಷದಿಂದ ಇರುತ್ತಿದ್ದೆ. ಅವರು ಹೋದ ಮೇಲೆ ನಿಮ್ಮಪ್ಪನಿಗೆ, "ಸೌಂದರ್ಯ ಬರ್ದಿದ್ಲಾ?" ಎಂದೆ. ಜೇಬಿನಿಂದ ನಿನ್ನ ಕಾಗದ ತೆಗೆದು ಕೊಟ್ಟರು. ಓದಿದೆ. ಕಣ್ಣು ಒರೆಸಿಕೊಂಡೆ. ಆಗ ಆ ಮನುಷ್ಯ ನಿಧಾನವಾಗಿ ಅನ್ನುತ್ತಾರೆ: "ಅವಳು ಬರೀದಿದ್ರೂ ನಂಗೆ ಗೊತ್ತಿತ್ತು ಗಿರಿಜಾ. ಅವತ್ತು ನಾನು ಅಟ್ಟದ ಮೇಲಿದ್ದೆ."

ಇಲಿ ಬೋನು ಇಡಲು ಅಟ್ಟ ಹತ್ತಿದವರು ಊಟದ ಭಾರಕ್ಕೆ ಅಲ್ಲೇ ಕಾಯಿಗಳ ಮಧ್ಯೆ ಒರಗಿಕೊಂಡಿದ್ದರಂತೆ. ಕೆಳಗೆ ನೀನು ಅತ್ತದ್ದು, ನಾನು ಮಾತು ಕೊಟ್ಟದ್ದು, ಎಲ್ಲ ಕೇಳಿಸಿತಂತೆ. ಅಮ್ಮಸಂದ್ರದವರಿಗೆ ಕೊಟ್ಟ ಮಾತು ಹಿಂತೆಗೆದುಕೊಳ್ಳಲು ಅವರಿಗೂ ಬಾಯಿ ಬರುತ್ತಿರಲಿಲ್ಲವಂತೆ. ನಾನೇ ಕೆಟ್ಟವಳಾಗಲು ಹೊರಟದ್ದು ಅನುಕೂಲವೇ ಆಯಿತಂತೆ. ಎಂಟು ವರ್ಷ! ತಮ್ಮ ತಂಗಿ, ನಿನ್ನ ಸೋದರತ್ತೆ, ನನ್ನನ್ನು ಆಡಿಕೊಳ್ಳುವಾಗ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಮನುಷ್ಯ. ಪಾಪ್‌ಕಾರ್ನ್ ಪೊಟ್ಟಣದೊಳಗೆ ಯಾಕೆ ಮುಖವಿಟ್ಟುಕೊಂಡಿದ್ದರೆಂದು ನನಗೆ ಈಗ ಅರ್ಥವಾಯಿತು. ನೀನು ಹೆದರಿ ಸುಮ್ಮನಿದ್ದೆ, ನಿನಗೆ ಆಗ ಇಪ್ಪತ್ತೊಂದು ವರ್ಷ. ಇವರಿಗೇನಾಗಿತ್ತು?

ಅವತ್ತೇ ಹಾಸಿಗೆ ಸುತ್ತಿ, ಅವರನ್ನು ತೋಟದ ಮನೆಗೆ ಕರೆದುಕೊಂಡು ಹೋಗಿ, ಅಟ್ಟಕ್ಕೆ ಹತ್ತಿಸಿ ಬಂದಿದ್ದೇನೆ. ಹಗಲು ಅಂಗಡಿಗೆ ಹೋಗಬಹುದು, ಸಂಜೆ ಮತ್ತೆ ಅಟ್ಟಕ್ಕೆ. ಊಟವನ್ನು ವರ್ಷಿಣಿ ಏಣಿ ಹತ್ತಿ ಕೊಡುತ್ತಾಳೆ. ಸಿದ್ದಮ್ಮ ಕೇಳಿದಳು, "ಯಾವಾಗ್ ಇಳಿಸ್ತೀರವ್ವ ಯಜಮಾನ್ರನ್ನ?" ಇನ್ನೂ ಹಸಿ ಎಂದೆ. ಮೇಲಿನಿಂದ ದನಿ ಬಂತು: "ಒಂದ್ಸಲ ಅಲ್ಲಾಡ್ಸಾದ್ರೂ ನೋಡೇ!" ಸಿದ್ದಮ್ಮ ಕತ್ತಿ ಕೆಳಗಿಟ್ಟು ಬಿದ್ದುಬಿದ್ದು ನಕ್ಕಳು. ನಾನು ಗೋಡೆಯ ಕಡೆ ತಿರುಗಿಕೊಂಡು ನಗಬೇಕಾಯಿತು, ಅವರಿಗೆ ಕಾಣಬಾರದಲ್ಲ.

ನಿನ್ನ ಸೋದರತ್ತೆ ನಿನ್ನೆ ಬಂದಿದ್ದಳು. ನೀರು ಕೇಳಿ ಕುಡಿದು ಹೋದಳು.

ಎರಡನೇ ಭಾಗ ಬರೆ. ರಾಣಿಯನ್ನು ತೆಗೆಯಬೇಡ, ಕನ್ನಡಕವನ್ನೂ ತೆಗೆಯಬೇಡ, ಕಾಲು ಹೇಗಿದೆಯೋ ಹಾಗೇ ಇರಲಿ. ಕೊಟ್ಟಿಗೆಯ ದೃಶ್ಯ ಇಡು. ನಿರ್ದೇಶಕ ತೆಗೆಯುತ್ತೇನೆಂದರೆ ನಿನ್ನ ಹೆಸರನ್ನೂ ತೆಗೆಯಲು ಹೇಳಿ ಎದ್ದು ಬಾ, ಇಲ್ಲಿ ಊಟಕ್ಕೇನೂ ಬರವಿಲ್ಲ. ಕೊನೆಯಲ್ಲಿ ಆ ರಾಜ ತಲೆ ತಗ್ಗಿಸಿದರೆ ಸಾಲದು. ಅವನನ್ನು ಅಟ್ಟಕ್ಕೆ ಹತ್ತಿಸು. ಮಕ್ಕಳು ನಗುತ್ತವೋ ಇಲ್ಲವೋ, ತಿಪಟೂರಿನ ಹೆಂಗಸರು ನಗುತ್ತಾರೆ. ಬೀದಿಯವರನ್ನೆಲ್ಲ ನಾನೇ ಕರೆದುಕೊಂಡು ಹೋಗುತ್ತೇನೆ, ಪರಮಶಿವಯ್ಯನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ನಿನ್ನ ಮೇಲಿನ ಕೋಪ ಇನ್ನೂ ಇದೆ. ಇಷ್ಟು ಬೇಗ ಹೋಗುವಂಥದ್ದಲ್ಲ ಅದು.

ಭಾನುವಾರ ಫೋನು ಮಾಡು, ಎತ್ತುತ್ತೇನೆ.

ಇತಿ,
ನಿನ್ನ ಚಿಕ್ಕಮ್ಮ